ಭೂಮಿ ಹುಣ್ಣಿಮೆಗೆ ಮುಂಚೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಗದ್ದೆಯೆಲ್ಲ ಅಡಿಕೆ ತೋಟ ಆಗುತ್ತಿದೆ, ಇನ್ನು ಭೂಮಿ ಹುಣ್ಣಿಮೆ ಯಾರಿಗೆ ಮಾಡುತ್ತೀರಿ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ಒಲೆ ಮೇಲೆ ಹಾಲಿತ್ತು, ಆಮೇಲೆ ಹೇಳುತ್ತೇನೆ ಅಂದೆ. ಈಗ ಪುರುಸೊತ್ತಾಯಿತು.

ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆಗೆ ಬಂದಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ದಂಟಿನ ಒಳಗೇ ಇರುತ್ತದೆ. ಬೆರಳಲ್ಲಿ ಮೆಲ್ಲಗೆ ಹಿಡಿದರೆ ಉಬ್ಬು ಸಿಗುತ್ತದೆ. ಅದಕ್ಕೇ ನಮ್ಮ ಸಾಗರ, ಸೊರಬದ ಕಡೆ ಭೂಮಿ ಬಸುರಿ ಅನ್ನುವುದು. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಈ ಹಬ್ಬ ಅಷ್ಟೇ. ನವರಾತ್ರಿ ಪೂರ್ತಿ ಅಮ್ಮನವರ ಹತ್ತಿರ ಅದು ಕೊಡು, ಇದು ಕೊಡು ಅಂತ ಕೇಳಿರುತ್ತೇವೆ. ಐದು ದಿನ ಕಳೆದು ಹುಣ್ಣಿಮೆ ಬಂದರೆ ಬಡಿಸುವ ಸರದಿ ನಮ್ಮದು.

ಬುಟ್ಟಿ ಕೆಲಸ ಶುರು ಮಾಡಿದ್ದೇನೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿದೆ, ಮೇಲೆ ಕೆಮ್ಮಣ್ಣು ಬಳಿದೆ. ನೆನೆಸಿದ ಅಕ್ಕಿ ಅರೆದು ಬಿಳಿ ಮಾಡಿಕೊಂಡು, ಪುಂಡಿ ನಾರಿನಲ್ಲಿ ಗೆರೆ ಎಳೆಯುವುದು. ಎಳೆದಾಗ ಏನೂ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಭತ್ತದ ಸಸಿ, ಜೋಡೆತ್ತು, ಏಣಿ ಎಲ್ಲ ಬರೆದೆ. ದೊಡ್ಡ ಬುಟ್ಟಿಯ ಒಂದು ಮಗ್ಗುಲು ನಿನಗೇ ಬಿಟ್ಟಿದ್ದೇನೆ. ಇಂಥ ಬುಟ್ಟಿಯನ್ನು ಈಗ ಪೇಟೆಯವರು ಕೊಂಡು ಗೋಡೆಗೆ ನೇತು ಹಾಕುತ್ತಾರಂತೆ. ಹಾಕಲಿ. ನನಗೆ ಮಾತ್ರ ಅನ್ನ ತುಂಬದ ಬುಟ್ಟಿ ನೋಡಿದರೆ ಹೊಟ್ಟೆಯಲ್ಲಿ ಸಂಕಟ.

ರಾತ್ರಿಯಿಡೀ ಅಡುಗೆ. ಕಡುಬು, ಚಿತ್ರಾನ್ನ, ಹೋಳಿಗೆ, ಜೊತೆಗೆ ಸೊಪ್ಪಿನ ಹಚ್ಚಂಬಲಿ. ಅದಕ್ಕೆ ಗುಡ್ಡದ 101 ಕುಡಿ ಬೇಕು ಅನ್ನುತ್ತಾರೆ, ಎಣಿಸಿದವರನ್ನು ನಾನಂತೂ ಕಂಡಿಲ್ಲ. ಬೆಳಕು ಹರಿಯುವ ಮುಂಚೆ ನಿಮ್ಮಪ್ಪ ಅದನ್ನು ಗದ್ದೆಗೆಲ್ಲ ಬೀರಿ ಬರಬೇಕು. ಆಮೇಲೆ ಬುಟ್ಟಿ ಹೊತ್ತು ಎಲ್ಲರೂ ಹೋಗುವುದು. ಸಸಿಗೆ ನನ್ನ ತಾಳಿ ಸರ ಹಾಕಿ ಪೂಜೆ. ಭೂಮಿತಾಯಿಗೆ ಇಟ್ಟ ಎಡೆಯನ್ನು ಮಣ್ಣಲ್ಲೇ ಹೂಳುತ್ತೇವೆ. ಕಾಗೆಗೂ ಒಂದು ಪಾಲು, ಇಲಿಗೂ ಒಂದು ಪಾಲು. ವರ್ಷವೆಲ್ಲ ಬೈಸಿಕೊಳ್ಳುವ ಇಲಿಗೆ ಅವತ್ತು ಮರ್ಯಾದೆ ನೋಡು!

ಇನ್ನು ನಿನ್ನ ಪ್ರಶ್ನೆ. ಪಕ್ಕದ ಮನೆಯವರು ಈಗ ಅಡಿಕೆ ಮರದ ಬುಡದಲ್ಲೇ ಎಡೆ ಇಡುತ್ತಾರೆ. ತಪ್ಪು ಅನ್ನುವುದಿಲ್ಲ. ನಾಟಿಗೆ ಆಳು ಸಿಗುವುದಿಲ್ಲ, ಭತ್ತಕ್ಕೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ನಿನ್ನ ಕಾಲೇಜು ಫೀಸು ಕಟ್ಟಿದ್ದೂ ಅಡಿಕೆಯೇ. ಆದರೆ ಈ ಹೊತ್ತಿಗೆ ಗೊನೆ ಬಲಿತು ಕೊಯ್ಲಿಗೆ ಬಂದಿರುತ್ತದಲ್ಲ, ಹೆತ್ತವಳಿಗೆ ಸೀಮಂತ ಮಾಡಿದ ಹಾಗಾಗುತ್ತದೆ. ಅದಕ್ಕೇ ಕೆರೆ ಕೆಳಗಿನ ತುಂಡು ಗದ್ದೆಯನ್ನು ಮುಟ್ಟಬೇಡಿ ಅಂತ ನಿಮ್ಮಪ್ಪನ ಜೊತೆ ಜಗಳ ಆಡಿದ್ದು. ಅಲ್ಲಿ ಬೆಳೆಯುವುದು ವರ್ಷದ ಊಟಕ್ಕೆ ಸಾಲದು, ನಿಜ. ಆದರೆ ಹಬ್ಬ ಯಾರಿಗೆ ಅಂತ ಕೇಳಿದೆಯಲ್ಲ, ಆ ತುಂಡಿಗೆ.

ನಿನ್ನ ರೂಮಿನ ಹಾವೇರಿ ಹುಡುಗಿಯನ್ನೂ ಕರೆದುಕೊಂಡು ಬಾ. ಅವರ ಕಡೆ ಇದೇ ಶೀಗಿ ಹುಣ್ಣಿಮೆ. ಹೊಲದಲ್ಲಿ ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚೆಲ್ಲುತ್ತಾರೆ, ಅದಕ್ಕೆ ಚರಗ ಅನ್ನುತ್ತಾರೆ. ಅವಳಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ.

ಇನ್ನೊಂದು ಮಾತು. ನಿಮ್ಮಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಕತ್ತಲಲ್ಲಿ ಅಂಚಿನ ಮೇಲೆ ಒಬ್ಬರೇ ಓಡಾಡುವುದು ಬೇಡ. ಹಚ್ಚಂಬಲಿ ಬೀರುವುದು ಗಂಡಸರ ಕೆಲಸ ಅಂತ ಪದ್ಧತಿ. ಈ ಸಲ ನೀನು ಬೀರು, ಅವರು ಹಿಂದಿನಿಂದ ಟಾರ್ಚು ಹಿಡಿಯಲಿ. ನಾನು ಹೇಳಿ ಒಪ್ಪಿಸುತ್ತೇನೆ. ನೀನು ರಜೆ ಹಾಕಿ ಹಿಂದಿನ ದಿನವೇ ಬಸ್ಸು ಹತ್ತು.

ನಿನ್ನ ಅಮ್ಮ