ಮಳೆ ನಿಂತ ಮೇಲೆ ಅರಳುವ ಅಂಗಳ

ದುರ್ಗದಲ್ಲೋ ದಾವಣಗೆರೆಯಲ್ಲೋ ಹಿರಿಯರ ಮನೆ ಉಳಿಸಿಕೊಂಡಿರುವ ನಮ್ಮ ಸದಸ್ಯರಲ್ಲಿ ಅನೇಕರು ಊರಿಗೆ ಹೋಗುವುದು ಡಿಸೆಂಬರ್ ರಜೆಯಲ್ಲಿ. ಆದರೆ ಆ ಮನೆಗಳ ಅಂಗಳಕ್ಕೆ ಗಿಡ ಬರುವುದು ಮುಂಗಾರಿನ ಆರಂಭದಲ್ಲಿ, ಅದೂ ನರ್ಸರಿಯಲ್ಲಿ ಆ ದಿನ ಹೂ ಬಿಟ್ಟು ನಿಂತದ್ದನ್ನು ನೋಡಿ. ನಾವು ತಲುಪುವ ಹೊತ್ತಿಗೆ ಅವುಗಳಲ್ಲಿ ಸೊಪ್ಪಷ್ಟೇ ಉಳಿದಿರುತ್ತದೆ. ದುರ್ಗದ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯೇ ದೊಡ್ಡದಾದುದರಿಂದ, ಆ ತೇವವನ್ನು ಉಂಡು ಅನಂತರ ಅರಳುವ ಗಿಡಗಳಿಗೇ ಅಂಗಳದಲ್ಲಿ ಮೊದಲ ಜಾಗ ಸಲ್ಲಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಅವುಗಳಲ್ಲಿ ಸೇವಂತಿಗೆಗೆ ಸಮನಾದುದಿಲ್ಲ. ಹಗಲು ಕುಗ್ಗಿ ರಾತ್ರಿ ದೀರ್ಘವಾಗುತ್ತಿದ್ದಂತೆ ಮೊಗ್ಗು ಕಟ್ಟುವ ಗಿಡವಿದು. ಹೂವನ್ನು ಹಬ್ಬದ ಮಾರುಕಟ್ಟೆಗೆ ಹೊಂದಿಸಬೇಕಾದ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ ಮೊಗ್ಗನ್ನು ತಡೆಹಿಡಿಯುವುದು ಇದೇ ಗುಣವನ್ನು ನೆಚ್ಚಿ. ಹಾಗಾಗಿ ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಕಾಂಪೌಂಡಿನ ಅಂಚು ಅದಕ್ಕೆ ತಕ್ಕ ಜಾಗವಲ್ಲ. ಕೆಂಪೆಲೆಯ ಪಾಯಿನ್‌ಸೆಟಿಯಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೇವಂತಿಗೆಯ ಸಸಿ ಬೇರೂರಿ ತಿಂಗಳಾದ ಮೇಲೆ ತುದಿಕುಡಿಯನ್ನು ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ಮನೆ ನೋಡಿಕೊಳ್ಳುವವರಿಗೆ ಚೆನ್ನಾಗಿ ಬೆಳೆಯುತ್ತಿರುವ ಕುಡಿಯನ್ನು ಕೀಳಲು ಮನಸ್ಸು ಬಾರದು, ಆದ್ದರಿಂದ ಕಾರಣವನ್ನು ಫೋನಿನಲ್ಲಿ ಬಿಡಿಸಿ ಹೇಳುವುದೊಳಿತು. ದಾವಣಗೆರೆಯ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಅಲ್ಲಿ ಏರುಮಡಿಯಲ್ಲೇ ನೆಡಬೇಕು.

ಚೆಂಡುಹೂವು ಬಿತ್ತಿದ ಸುಮಾರು ಎರಡು ತಿಂಗಳಿಗೆ ಅರಳುತ್ತದೆ. ದೀಪಾವಳಿಗೆಂದು ಬಿತ್ತಿದ್ದು ರಜೆಯ ತನಕ ಬಾಳದು; ಸೆಪ್ಟೆಂಬರ್ ಕೊನೆಗೆ ಇನ್ನೊಂದು ಬಿತ್ತನೆ ಬೇಕು.

ನೀರು ಕಡಿಮೆಯಿರುವ ಕಡೆಗೆ ಕಾಗದದ ಹೂವಿದೆ. ನಾವು ಹೂವೆನ್ನುವ ಅದರ ಬಣ್ಣದ ಭಾಗ ವಾಸ್ತವದಲ್ಲಿ ಎಲೆಯ ರೂಪಾಂತರ. ಮಳೆ ನಿಂತ ಮೇಲೆ ನೀರನ್ನು ತಗ್ಗಿಸಿದಷ್ಟೂ ಅದು ಮೈತುಂಬುತ್ತದೆ, ಅಕ್ಕರೆಯಿಂದ ದಿನವೂ ನೀರೆರೆದರೆ ಬರಿಯ ಹಸಿರಾಗುತ್ತದೆ. ಹೊಂಬಣ್ಣದ ಹೂವಿನ ತಂಗಡಿಯನ್ನು ದಾರಿಬದಿಯ ಗಿಡವೆಂದು ಯಾರೂ ಅಂಗಳಕ್ಕೆ ಕರೆಯದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ದುರ್ಗದ ಕಲ್ಲುನೆಲಕ್ಕೂ ಬರಕ್ಕೂ ಅದರಷ್ಟು ಒಗ್ಗಿದ ಹೂಗಿಡಗಳು ವಿರಳ. ವಿಶಾಲವಾದ ಹಿತ್ತಿಲಿದ್ದವರು ಆಕಾಶಮಲ್ಲಿಗೆಯನ್ನು ನೆಡಬಹುದು. ಅದರ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುವುದರಿಂದ ಮನೆಯಿಂದ ದೂರವಿರಲಿ.

ಜನವರಿಯಲ್ಲಿ ಹೊರಡುವ ಮುನ್ನ, ಹೂ ಮುಗಿದ ಸೇವಂತಿಗೆಯನ್ನು ನೆಲಮಟ್ಟಕ್ಕೆ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಡಿಸಿ. ಆಮೇಲೆ ಬುಡದಿಂದ ಏಳುವ ಮರಿಗಳೇ ಮುಂದಿನ ಮುಂಗಾರಿಗೆ ನೆಡುವ ಸಸಿಗಳು.