ಆಡಿಷನ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಆಡಿಷನ್‌ಗೆ ಕುಮಾರವ್ಯಾಸನ ದ್ರೌಪದಿಯನ್ನೇ ಆರಿಸಿಕೊಂಡೆಯಲ್ಲ, ಬಹಳ ಖುಷಿಯಾಯಿತು. ವಿರಾಟಪರ್ವದ ಈ ಭಾಗದಲ್ಲಿ ಹೆಚ್ಚಿನವರು ಕೂಗಾಡಿ ಕೆಡಿಸುತ್ತಾರೆ. ಸನ್ನಿವೇಶ ನೋಡು: ರಾತ್ರಿ, ಅರಮನೆಯ ಅಡುಗೆಮನೆ, ಬಾಣಸಿಗ ವಲಲನಾಗಿ ಮಲಗಿರುವ ಭೀಮ. ಅಜ್ಞಾತವಾಸದ ಗುಟ್ಟು ಬಯಲಾದರೆ ಮತ್ತೆ ಹನ್ನೆರಡು ವರ್ಷ ಕಾಡು. ತುಂಬಿದ ಸಭೆಯಲ್ಲಿ ಕೀಚಕ ಒದ್ದ ಸಂಕಟವನ್ನೆಲ್ಲ ಅವಳು ಪಕ್ಕದವರ ಕಿವಿಗೆ ಬೀಳದಂತೆ ಹೇಳಬೇಕು. ಹಾಗಂತ ಪಿಸುಗುಟ್ಟಬೇಡ, ಬರೀ ಗಾಳಿ ಹೋಗುತ್ತದೆ. ದನಿ ತಗ್ಗಿಸು, ವ್ಯಂಜನಗಳನ್ನು ಬಿಗಿಯಾಗಿ ಹಿಡಿ.

ಈ ಪದ್ಯಗಳು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿವೆ. ಚಿಕ್ಕ ಸಾಲಿಗೆ 3-4-3-4ರ ನಡೆ, 14 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ). ಮೂರನೆಯ ಮತ್ತು ಆರನೆಯ ಸಾಲಿಗೆ 23. ಮೊದಲು ಕೈತಟ್ಟಿಕೊಂಡು ಲಯ ಕೂರಿಸು:

ಗಂಡ-ರೈವರು-ಮೂರು-ಲೋಕದ
ಗಂಡ-ರೊಬ್ಬಳ-ನಾಳ-ಲಾರಿರಿ

ಆಮೇಲೆ ಅದನ್ನೇ ಅರ್ಥಕ್ಕೆ ತಕ್ಕಂತೆ ಬಿಡಿಸು: ಗಂಡರೈವರು, ಮೂರು ಲೋಕದ ಗಂಡರು, ಒಬ್ಬಳನ್ನು ಆಳಲಾರಿರಿ. ಸಾಲು ಮುಗಿಯಿತೆಂದು ‘ಲೋಕದ’ ಎಂಬಲ್ಲಿ ನಿಂತರೆ ಮಾತು ಸತ್ತಂತೆ. ಮೊದಲ ‘ಗಂಡ’ ಪತಿ, ಎರಡನೆಯದು ಶೂರ. ಎರಡಕ್ಕೂ ಒಂದೇ ಒತ್ತು ಬಿದ್ದರೆ ಭೀಮನಿಗೆ ನಾಟುವುದಿಲ್ಲ. ಉದ್ದ ಸಾಲಿಗೆ ಮುಂಚೆಯೇ ಉಸಿರು ತುಂಬಿಕೊ, ಇಲ್ಲದಿದ್ದರೆ ಕೊನೆಯ ಅಕ್ಷರಗಳು ನುಂಗಿಹೋಗುತ್ತವೆ. ಪದ್ಯದ ಕೊನೆಯ ‘ಎಂದಳಿಂದುಮುಖಿ’ (ಎಂದಳು ಚಂದ್ರಮುಖಿ) ಎಂಬುದು ಕವಿಯ ಮಾತು, ಕಾವ್ಯವನ್ನು ರಾಗವಾಗಿ ಓದುವ ಗಮಕಿಗೆ ಸರಿ. ನೀನು ಬಿಟ್ಟುಬಿಡು. ರಾಗವೂ ಬೇಡ.

ನಾಲ್ಕೈದು ಪದ್ಯ ಸಾಕು, ಎರಡು ಎರಡೂವರೆ ನಿಮಿಷವಾಗುತ್ತದೆ. ಗಾಬರಿಯಲ್ಲಿ ಮರೆತರೆ ಪ್ರಾಸ ಹಿಡಿ: ಪದ್ಯದ ಎಲ್ಲ ಸಾಲುಗಳಲ್ಲೂ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರುತ್ತದೆ.

ಭೀಮ ಮಲಗಿದ್ದಾನೆಂದು ನೆಲ ನೋಡುತ್ತಲೇ ಇದ್ದರೆ ಆಯ್ಕೆಗೆ ಕೂತವರಿಗೆ ಕಾಣುವುದು ನಿನ್ನ ನೆತ್ತಿ. ಮೊದಲ ಪದ್ಯ ಮುಗಿಯುವಷ್ಟರಲ್ಲಿ ಅವನನ್ನು ಮನಸ್ಸಿನಲ್ಲೇ ಎಬ್ಬಿಸಿ ಕೂರಿಸು. ಅವನ ಮುಖವನ್ನು ಅವರ ಹೆಗಲಿನ ಪಕ್ಕದ ಖಾಲಿ ಜಾಗದಲ್ಲಿಡು. ಅವರ ಕಣ್ಣನ್ನೇ ನೋಡಿ ಬೈದರೆ ಅವರು ನೋಡುಗರಾಗಿ ಉಳಿಯಲಾರರು, ಮುಜುಗರಪಡುತ್ತಾರೆ. ಮೇಜಿನಿಂದ ನಾಲ್ಕೈದು ಹೆಜ್ಜೆ ಹಿಂದಿರು, ತೀರಾ ಹತ್ತಿರ ಮಂಡಿಯೂರಿದರೆ ಮೇಜೇ ಮುಖ ಮರೆಮಾಡುತ್ತದೆ.

ಮುಗಿಸಿದ ಮೇಲೆ “ಇದನ್ನೇ ನಗುತ್ತ ಹೇಳಮ್ಮ” ಅನ್ನಬಹುದು. ತಪ್ಪಾಯಿತೆಂದು ಕುಗ್ಗಬೇಡ. ಹೇಳಿದ್ದನ್ನು ಕೇಳಿ ಬದಲಾಗಬಲ್ಲೆಯಾ ಎಂದು ನೋಡುತ್ತಾರೆ, ಅಷ್ಟೇ. ಅದಕ್ಕೇ ಕನ್ನಡಿ ಮುಂದೆ ಕೈಸನ್ನೆ ಗಟ್ಟಿ ಮಾಡಿಕೊಳ್ಳಬೇಡ. ಸನ್ನೆಗೆ ಅಂಟಿಕೊಂಡ ಸಾಲು ಸನ್ನೆ ಬಿಟ್ಟರೆ ಬಾಯಿಗೇ ಬರುವುದಿಲ್ಲ. ಪಾತ್ರೆ ತೊಳೆಯುತ್ತ, ಮೆಟ್ಟಿಲು ಹತ್ತುತ್ತ ಹೇಳಿ ನೋಡು. ಎಲ್ಲಿ ತಡವರಿಸುತ್ತೀಯೋ ಆ ಪದ್ಯ ಇನ್ನೂ ಕೂತಿಲ್ಲ.

ನಿನ್ನ
ಅಮ್ಮ