ಕತ್ತಲಲ್ಲಿ ಓಡುವ ರೋಲರ್ ಕೋಸ್ಟರ್: ತೋರಣಗಲ್ಲಿನ ಗೆಳೆಯನಿಗೊಂದು ಪತ್ರ

ದೋಸ್ತ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೆ ನಿಂತಿತು, ನಿನಗೆ ಶಿಫ್ಟಿಗೆ ಹೊರಡೋ ಹೊತ್ತಾಗಿತ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ನಾಲ್ಕು ಜನಕ್ಕೆ ಇರುತ್ತದೆ, ಅದಕ್ಕೇ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೇನೆ. ರಜೆಗೆ ಮಗನನ್ನು ಕರೆದುಕೊಂಡು ಸಿಂಗಾಪುರ–ಮಲೇಷ್ಯಾ ಪ್ಯಾಕೇಜಿಗೆ ಹೋಗಬೇಕಾ, ದುಬೈಗಾ, ಇಲ್ಲಾ ಇಲ್ಲೇ ಎಲ್ಲಾದರೂ ಹೋಗಿ ಬಂದರೆ ಸಾಕಾ ಅಂತ ನೀನು ಕೇಳಿದೆ. ಅವನಿಗೆ ಬೇಕಿರುವುದು ಒಂದೇ, ಕಟ್ಟಡದೊಳಗೆ ಓಡುವ ರೋಲರ್ ಕೋಸ್ಟರ್. ನೀನು ಮೊಬೈಲಿನಲ್ಲಿ ನೋಡಿದ ಪಟ್ಟಿಗಳಲ್ಲಿ ಯಾವುದಕ್ಕೆ ವೇಗ ಜಾಸ್ತಿ, ಯಾವುದು ಎತ್ತರ, ಬರೀ ಇದೇ ಇತ್ತು ಅಂದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಂಡೋರ್ ಕೋಸ್ಟರ್ ಆರಿಸುವಾಗ ವೇಗದ ಅಂಕಿ ನೋಡಲೇಬೇಡ. ಅಲ್ಲಿ ಕೆಲಸ ಮಾಡುವುದು ಕತ್ತಲು. ಆ ಕತ್ತಲನ್ನು ಯಾರು ಚೆನ್ನಾಗಿ ಬಳಸಿದ್ದಾರೆ ಅನ್ನೋದನ್ನು ನೋಡಿ ಆರಿಸು.

ಕಂಪನಿ ಕೆಲಸದ ಮೇಲೆ ನಾನು ಫ್ಲೋರಿಡಾದಲ್ಲಿದ್ದ ದಿನಗಳಲ್ಲಿ ಓರ್ಲ್ಯಾಂಡೊದ ಪಾರ್ಕುಗಳನ್ನೆಲ್ಲ ಸುತ್ತಿದೆ. ಅಲ್ಲಿ ಡಿಸ್ನಿಯವರ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನಲ್ಲಿ ಸ್ಪೇಸ್ ಮೌಂಟನ್ ಅಂತ ಒಂದು ಇಂಡೋರ್ ಕೋಸ್ಟರ್ ಇದೆ. 1975ರ ಜನವರಿಯಲ್ಲಿ ಶುರುವಾದದ್ದು. ಹೊರಗಿನಿಂದ ಬಿಳಿ ಬೆಟ್ಟದ ಹಾಗೆ ಕಾಣುವ ದೊಡ್ಡ ಕಟ್ಟಡ. ಅದರ ಗರಿಷ್ಠ ವೇಗ ಎಷ್ಟು ಗೊತ್ತಾ? ಗಂಟೆಗೆ ಸುಮಾರು 45 ಕಿ.ಮೀ. ಲಿಂಗಸುಗೂರು ರಸ್ತೆಯಲ್ಲಿ ನಾವು ಬೈಕಿನಲ್ಲಿ ಅದಕ್ಕಿಂತ ಜೋರಾಗಿ ಹೋಗುತ್ತೇವೆ. ಆದರೂ ಅದರಲ್ಲಿ ಕೂತವರು ಪ್ರಾಣ ಬಾಯಿಗೆ ಬಂದವರ ಹಾಗೆ ಕೂಗುತ್ತಾರೆ, ನಾನೂ ಕೂಗಿದೆ.

ಯಾಕೆ ಅಂದರೆ, ಬಯಲಿನ ಕೋಸ್ಟರ್‌ನಲ್ಲಿ ಮುಂದಿನ ತಿರುವು ಕಣ್ಣಿಗೆ ಮೊದಲೇ ಕಾಣುತ್ತದೆ. ಕಂಡ ತಕ್ಷಣ ಕುತ್ತಿಗೆ, ಬೆನ್ನು, ಹೊಟ್ಟೆ ಎಲ್ಲ ತಾವಾಗಿಯೇ ಬಿಗಿಯಾಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಕತ್ತಲಲ್ಲಿ ಕಣ್ಣಿಗೆ ಆ ಕೆಲಸವಿಲ್ಲ. ಎಡಕ್ಕೆ ತಿರುಗಿತು ಅಂತ ಹೇಳುವುದು ಕಿವಿಯೊಳಗಿನ ಸಮತೋಲನದ ಅಂಗ, ಅದೂ ತಿರುಗಿದ ಮೇಲೆ. ಮೈ ಸಜ್ಜಾಗುವ ಹೊತ್ತಿಗೆ ಗಾಡಿ ಇನ್ನೊಂದು ಕಡೆ ವಾಲಿರುತ್ತದೆ. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಮಾವ ಹೇಳುತ್ತಿದ್ದರಲ್ಲ, ಪಂಜರದಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿಯುವಾಗ ವೇಗಕ್ಕೆ ಯಾರೂ ಹೆದರುವುದಿಲ್ಲ, ಪಕ್ಕದ ಗೋಡೆ ಕಾಣದೇ ಇರುವುದಕ್ಕೆ ಹೆದರುತ್ತಾರೆ ಅಂತ. ಇದೂ ಹಾಗೇ.

ಸ್ಪೇಸ್ ಮೌಂಟನ್ನಿನ ಸೀಟು ನೆಲಕ್ಕೆ ಹತ್ತಿರ, ಒಬ್ಬರ ಹಿಂದೆ ಒಬ್ಬರು ಕೂರಬೇಕು. ಪಕ್ಕದಲ್ಲಿ ಕೈ ಹಿಡಿಯಲು ಯಾರೂ ಇರುವುದಿಲ್ಲ. ಮೊದಲು ನೀಲಿ ಬೆಳಕು ಮಿನುಗುವ ಸುರಂಗ, ಆಮೇಲೆ ನಿಧಾನಕ್ಕೆ ಮೇಲೇರುವ ಏರು, ಅಲ್ಲಿಂದ ಮುಂದೆ ಚುಕ್ಕಿ ಬೆಳಕು ಬಿಟ್ಟರೆ ಏನೂ ಇಲ್ಲ. ಇಳಿಜಾರುಗಳೆಲ್ಲ ಚಿಕ್ಕವೇ, ಆದರೆ ಯಾವುದು ಯಾವಾಗ ಬರುತ್ತದೆ ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಒಳಗಿನ ದೀಪ ಹಾಕಿ ತೆಗೆದ ವಿಡಿಯೊಗಳಿವೆ, ಒಂದನ್ನು ನೋಡು. ನಿಮ್ಮ ಪ್ಲಾಂಟಿನ ಯಾವುದೋ ಶೆಡ್ಡಿನಂತೆ ಬರೀ ಕಬ್ಬಿಣದ ಕಂಬ, ಅಡ್ಡಪಟ್ಟಿ, ಹಳಿ. ಮಗನಿಗೆ ಮಾತ್ರ ಹೋಗುವ ಮುಂಚೆ ತೋರಿಸಬೇಡ.

ಕಂಪ್ಯೂಟರಿನಿಂದ ಹಿಡಿತಕ್ಕೆ ತಂದ ಮೊದಮೊದಲ ಕೋಸ್ಟರ್‌ಗಳಲ್ಲಿ ಅದೂ ಒಂದು. ಒಂದೇ ಹಳಿಯ ಮೇಲೆ ಒಂದೇ ಹೊತ್ತಿಗೆ ಹಲವು ಗಾಡಿಗಳು ಓಡುತ್ತವೆ. ಹಳಿಯನ್ನು ಭಾಗ ಮಾಡಿ, ಒಂದು ಭಾಗದಲ್ಲಿ ಒಂದೇ ಗಾಡಿ ಇರಬೇಕು ಅಂತ ಕಟ್ಟುಪಾಡು. ಮುಂದಿನದು ಖಾಲಿಯಾಗದಿದ್ದರೆ ಹಿಂದಿನ ಗಾಡಿಗೆ ಬ್ರೇಕ್ ಬೀಳುತ್ತದೆ, ರೈಲಿನವರ ಬ್ಲಾಕ್ ಪದ್ಧತಿಯೇ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1977ರಲ್ಲಿ ಶುರುವಾದ ಸ್ಪೇಸ್ ಮೌಂಟನ್ ಬೇರೆ ಥರ. ಅಲ್ಲಿ ಅಕ್ಕಪಕ್ಕ ಇಬ್ಬಿಬ್ಬರು ಕೂರುತ್ತಾರೆ, ಸೀಟಿನಲ್ಲೇ ಸಂಗೀತ ಬರುತ್ತದೆ, ಓಟ ನಯವಾಗಿದೆ. ತುಂಬ ಜನ ಅದೇ ಚೆನ್ನಾಗಿದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಗೀತ ಬಂದರೆ ಮುಂದೇನು ಅಂತ ಒಂದು ಸುಳಿವು ಸಿಕ್ಕಂತೆ ಆಗುತ್ತದೆ. ಫ್ಲೋರಿಡಾದ್ದು ಒರಟು, ಕುಲುಕಾಟ ಜಾಸ್ತಿ, ಕತ್ತಲೂ ಜಾಸ್ತಿ. ನನಗೆ ಅದೇ ಇಷ್ಟ.

ಈಗ ನಿನಗೆ ಇಷ್ಟವಾಗುವ ವಿಷಯ, ಮೋಟರ್. ಮುಂಚೆ ಹೆಚ್ಚಿನ ಕೋಸ್ಟರ್‌ಗಳು ಸರಪಳಿಯಲ್ಲಿ ಮೇಲೆ ಎಳೆದು ಬಿಡುವಂಥವು. 1996ರಲ್ಲಿ ಅಮೆರಿಕದ ಓಹಿಯೊ ಮತ್ತು ವರ್ಜೀನಿಯಾದ ಎರಡು ಪಾರ್ಕುಗಳಲ್ಲಿ ಫ್ಲೈಟ್ ಆಫ್ ಫಿಯರ್ ಅಂತ ಒಂದೇ ಥರದ ಎರಡು ಇಂಡೋರ್ ಕೋಸ್ಟರ್ ಬಂದವು. ಲೀನಿಯರ್ ಇಂಡಕ್ಷನ್ ಮೋಟರಿನಿಂದ ಗಾಡಿ ನೂಕುವ ಕೋಸ್ಟರ್‌ಗಳ ಕತೆ ಶುರುವಾದದ್ದೇ ಅಲ್ಲಿಂದ. ನೀನು ದಿನಾ ಬಿಚ್ಚಿ ಜೋಡಿಸುವ ಇಂಡಕ್ಷನ್ ಮೋಟರಿನ ಸ್ಟೇಟರ್ ಅನ್ನು, ಅಂದರೆ ತಿರುಗದೆ ನಿಲ್ಲುವ ಸುರುಳಿಯ ಭಾಗವನ್ನು, ಉದ್ದಕ್ಕೆ ಸೀಳಿ ಹಳಿಯ ಪಕ್ಕ ಹಾಸಿದರೆ ಅದೇ ಆಯಿತು. ಗಾಡಿಯಲ್ಲಿರುವ ಲೋಹದ ಪಟ್ಟಿ ಅದರ ನಡುವೆ ಹಾಯುತ್ತದೆ, ತಿರುಗಬೇಕಾದ ಬಲ ಮುಂದಕ್ಕೆ ನೂಕುತ್ತದೆ. ಸುಮಾರು 4 ಸೆಕೆಂಡಿನಲ್ಲಿ ಗಂಟೆಗೆ 87 ಕಿ.ಮೀ. ಆಮೇಲೆ ಸಿಕ್ಕುಸಿಕ್ಕಾದ ಹಳಿಯೊಳಗೆ ನಾಲ್ಕು ಸಲ ತಲೆಕೆಳಗು. ಶುರುವಿನಲ್ಲಿ ಅದಕ್ಕೆ ಹೆಗಲ ಮೇಲಿಂದ ಬರುವ ಪಟ್ಟಿ ಇತ್ತು. ಕತ್ತಲಲ್ಲಿ ತಿರುವು ಕಾಣದೆ ತಲೆ ಎರಡೂ ಕಡೆ ಬಡಿಯುತ್ತಿತ್ತು. 2001ರಲ್ಲಿ ಅದನ್ನು ತೆಗೆದು ತೊಡೆಯ ಮೇಲೆ ಕೂರುವ ಬಾರ್ ಹಾಕಿದರು. ಹಳಿ ಅದೇ, ಮೋಟರ್ ಅದೇ, ಪಟ್ಟಿ ಬದಲಾಗಿದ್ದಕ್ಕೇ ಓಟದ ಸುಖ ಬದಲಾಯಿತು.

ಡಿಸ್ನಿಯವರು 1999ರಲ್ಲಿ ಓರ್ಲ್ಯಾಂಡೊದಲ್ಲೇ ಏರೋಸ್ಮಿತ್ ಬ್ಯಾಂಡಿನ ಹೆಸರಿನಲ್ಲಿ ರಾಕ್ ಎನ್ ರೋಲರ್ ಕೋಸ್ಟರ್ ತಂದರು. 2.8 ಸೆಕೆಂಡಿನಲ್ಲಿ ಸೊನ್ನೆಯಿಂದ ಗಂಟೆಗೆ 92 ಕಿ.ಮೀ, ಮೂರು ಸಲ ತಲೆಕೆಳಗು, ತಲೆ ಪಕ್ಕದಲ್ಲೇ ಸ್ಪೀಕರ್. ಮೊದಲ ಮೂರು ಸೆಕೆಂಡು ಬೆನ್ನು ಸೀಟಿಗೆ ಅಂಟಿ ಉಸಿರು ಸಿಗುವುದಿಲ್ಲ, ಅದಕ್ಕೆ ಸಾಟಿಯಿಲ್ಲ. ಆದರೆ ನಾನು ಕೂತಾಗ ಆ ಮೇಲೆ ಅಲ್ಲಲ್ಲಿ ಹೊಳೆಯುವ ರಸ್ತೆ ಬೋರ್ಡುಗಳನ್ನು ನೋಡುತ್ತಾ ಹೋಗುತ್ತಿದ್ದೆವು, ಭಯ ಇಳಿದುಹೋಗುತ್ತಿತ್ತು. ಅಲ್ಲೇ ಡಿಸ್ನಿಯವರ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ 2022ರಲ್ಲಿ ಬಂದ ಕಾಸ್ಮಿಕ್ ರಿವೈಂಡ್ ಇನ್ನೂ ದೊಡ್ಡ ಎಂಜಿನಿಯರಿಂಗ್. ಗಾಡಿಯನ್ನು ಹಿಂದುಮುಂದಾಗಿ ನೂಕುತ್ತದೆ, ಆಮೇಲೆ ಸೀಟುಗಳೇ ಹಳಿಯ ಮೇಲೆ ತಿರುಗುತ್ತಾ ಹೋಗುತ್ತವೆ. ಹೊಟ್ಟೆ ತೊಳಸುವವರಿಗೆ ಅದು ಬೇಡವೇ ಬೇಡ. ಬಸ್ಸಿನಲ್ಲಿ ಕಿಟಕಿ ಪಕ್ಕವೇ ಬೇಕು ಅನ್ನುವ ನಮ್ಮ ವೈನಿಗಂತೂ ಖಂಡಿತ ಬೇಡ.

ನಿನ್ನ ಪ್ಯಾಕೇಜಿಗೆ ಬರುತ್ತೇನೆ. ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ರಿವೆಂಜ್ ಆಫ್ ದಿ ಮಮ್ಮಿ ಅನ್ನೋ ಇಂಡೋರ್ ಕೋಸ್ಟರ್ ಇದೆ, 2010ರಿಂದ. ಮಮ್ಮಿ ಅಂದರೆ ಅಮ್ಮ ಅಲ್ಲ, ಈಜಿಪ್ಟಿನ ಗೋರಿಯೊಳಗಿನ ಹೆಣ. ಓರ್ಲ್ಯಾಂಡೊದ 2004ರ ಮಮ್ಮಿಯ ತಮ್ಮ ಅದು. ಅಣ್ಣನ ಬಗ್ಗೆ ಸ್ವಲ್ಪ ಹೇಳಲೇಬೇಕು, ಕತ್ತಲನ್ನು ಹೇಗೆ ಬಳಸಬೇಕು ಅಂತ ಅದರಿಂದ ಕಲಿಯಬೇಕು. ಶುರುವಿನಲ್ಲಿ ಗಾಡಿ ನಿಧಾನಕ್ಕೆ ಚಲಿಸುತ್ತದೆ, ಗೋರಿಯೊಳಗಿನ ಬೊಂಬೆ, ನಿಧಿ ಎಲ್ಲ ತೋರಿಸುತ್ತದೆ. ಇದು ಮಕ್ಕಳಾಟ ಅಂದುಕೊಳ್ಳುವಷ್ಟರಲ್ಲಿ ಮುಂದೆ ಗೋಡೆ. ದಾರಿ ಮುಗಿಯಿತು. ಗೋಡೆಯಿಂದ ಹುಳುಗಳು ಹೊರಬರುತ್ತವೆ, ಗಾಡಿ ಹಿಂದಕ್ಕೆ ಜಾರುತ್ತದೆ, ಆ ಕತ್ತಲಲ್ಲೇ ಗಾಡಿ ನಿಂತಿರುವ ಹಳಿಯ ತುಂಡು ತಿರುಗಿ ನಮ್ಮ ಮುಖ ಬೇರೆ ದಿಕ್ಕಿಗೆ ಆಗಿರುತ್ತದೆ, ನೋಡುತ್ತಿದ್ದಂತೆ ಮೋಟರ್ ನಮ್ಮನ್ನು ಏರಿನ ಮೇಲೆ ಎಸೆಯುತ್ತದೆ. ಕೊನೆಗೆ ಇಳಿಯುವ ಜಾಗಕ್ಕೆ ಬಂದೆವು ಅನ್ನಿಸುತ್ತದೆ. ಜನ ಬಾರ್ ಮೇಲೆತ್ತಲು ಕೈ ಹಾಕುತ್ತಾರೆ. ಆಗ ತಲೆ ಮೇಲೆ ಚಾವಣಿಗೆ ನಿಜವಾದ ಬೆಂಕಿ ಹತ್ತುತ್ತದೆ. ಅದರ ಕಾವು ಹಣೆಗೆ ತಾಗುತ್ತದೆ, ಆ ಬೆಂಕಿಯಡಿಯಿಂದಲೇ ಗಾಡಿ ಕತ್ತಲಿಗೆ ಇಳಿಯುತ್ತದೆ. ವೇಗ ಗಂಟೆಗೆ 72 ಕಿ.ಮೀ ಆಸುಪಾಸು, ಒಂದು ಸಲವೂ ತಲೆಕೆಳಗಾಗುವುದಿಲ್ಲ. ಆದರೂ ನಾನು ಕೂತ ಇಂಡೋರ್ ಕೋಸ್ಟರ್‌ಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಸಿಂಗಾಪುರದ್ದರಲ್ಲಿ ಕತೆಯ ಜೋಡಣೆ ಬೇರೆ, ಆದರೆ ಕತ್ತಲಿದೆ, ನೂಕು ಇದೆ, ಹಿಂದಕ್ಕೆ ಓಡುವುದೂ ಇದೆ. ಮಗನಿಗೆ ಅದು ಸಾಕು.

ಅದೇ ಪ್ಯಾಕೇಜಿನಲ್ಲಿ ಕೌಲಾಲಂಪುರ ಬಂದರೆ ಬೆರ್ಜಾಯ ಟೈಮ್ಸ್ ಸ್ಕ್ವೇರ್ ಮಾಲಿನೊಳಗೆ ಸೂಪರ್‌ಸಾನಿಕ್ ಒಡಿಸ್ಸಿ ಇದೆ, 2003ರದು. ಇದು ಪೂರ್ತಿ ಬೆಳಕಿನಲ್ಲಿ ಓಡುತ್ತದೆ. ಕೆಳಗೆ, ಮೇಲೆ, ಪಕ್ಕದಲ್ಲಿ ಎಲ್ಲ ಅಂಗಡಿ, ಜನ, ಕಂಬ. ಮೂರು ಸಲ ತಲೆಕೆಳಗು. ಇಲ್ಲಿ ಕತ್ತಲಿನ ಜಾಗದಲ್ಲಿ ಇಕ್ಕಟ್ಟು ಕೆಲಸ ಮಾಡುತ್ತದೆ, ಕಂಬಗಳು ಅಷ್ಟು ಹತ್ತಿರ ಹಾದುಹೋಗುತ್ತವೆ. ಚೆನ್ನಾಗಿದೆ, ಆದರೆ ಮಮ್ಮಿಗೆ ಸಮ ಅಲ್ಲ.

ಇಕ್ಕಟ್ಟು ಅಂದಾಗ ಒಂದು ಮಾತು ಹೇಳಬೇಕು, ನೀನು ಮೇಂಟೆನೆನ್ಸ್‌ನವನಾದ್ದರಿಂದ. ಕೆನಡಾದ ವೆಸ್ಟ್ ಎಡ್ಮಂಟನ್ ಮಾಲಿನಲ್ಲಿ ಮೈಂಡ್‌ಬೆಂಡರ್ ಅಂತ 1985ರಲ್ಲಿ ಶುರುವಾದ ಕೋಸ್ಟರ್ ಇತ್ತು, 44 ಮೀಟರ್ ಎತ್ತರ. 1986ರ ಜೂನ್ 14ರಂದು ಅದರ ಕೊನೆಯ ಗಾಡಿಯ ಚಕ್ರದ ಜೋಡಣೆಯ ಬೋಲ್ಟುಗಳು ಸಡಿಲವಾಗಿ ಬಿದ್ದುಹೋದವು, ಗಾಡಿ ಹಳಿ ತಪ್ಪಿ ಕಾಂಕ್ರೀಟ್ ಕಂಬಕ್ಕೆ ಬಡಿಯಿತು. ಮೂವರು ತೀರಿಕೊಂಡರು. ಆಮೇಲೆ ಹೆಗಲ ಪಟ್ಟಿ ಸೇರಿಸಿ, ಸುರಕ್ಷತೆ ಬಿಗಿ ಮಾಡಿ ಮತ್ತೆ ಓಡಿಸಿದರು. 2023ರಲ್ಲಿ ಪೂರ್ತಿ ಮುಚ್ಚಿ ಬಿಚ್ಚಿದರು. ನಾನು ಇದನ್ನು ಹೆದರಿಸಲು ಬರೆಯುತ್ತಿಲ್ಲ. ಯಾವ ಪಾರ್ಕಿನಲ್ಲೇ ಆಗಲಿ, ಇವತ್ತು ತಪಾಸಣೆಗೆ ಮುಚ್ಚಿದೆ ಅಂತ ಬೋರ್ಡ್ ಕಂಡರೆ ಬೇಜಾರು ಮಾಡಿಕೊಳ್ಳಬೇಡ, ಮಗನಿಗೂ ಯಾಕೆ ಅಂತ ಬಿಡಿಸಿ ಹೇಳು. ಒಂದು ಬೋಲ್ಟಿನ ಬೆಲೆ ನಿನ್ನಷ್ಟು ಚೆನ್ನಾಗಿ ಬೇರೆ ಯಾರು ಹೇಳಬಲ್ಲರು?

ದುಬೈ ಕಡೆ ಹೋಗುವುದಾದರೆ ಒಂದು ಎಚ್ಚರ. ಇಂಡೋರ್ ಪಾರ್ಕ್ ಬೇರೆ, ಇಂಡೋರ್ ಕೋಸ್ಟರ್ ಬೇರೆ. ಅಬುಧಾಬಿಯ ಫೆರಾರಿ ವರ್ಲ್ಡ್ 2010ರಿಂದ ಇದೆ, ದೊಡ್ಡ ಕೆಂಪು ಚಾವಣಿಯ ಕೆಳಗೆ. ಆದರೆ ಅಲ್ಲಿ ಹೆಸರುವಾಸಿಯಾದ ಫಾರ್ಮುಲಾ ರೊಸ್ಸಾ ಗಂಟೆಗೆ 240 ಕಿ.ಮೀ ಓಡುವುದು ಹೊರಗಿನ ಬಿಸಿಲಲ್ಲಿ, ಕಣ್ಣಿಗೆ ಕನ್ನಡಕ ಕೊಡುತ್ತಾರೆ. ದುಬೈಯ ಐಎಂಜಿ ವರ್ಲ್ಡ್ಸ್ ಆಫ್ ಅಡ್ವೆಂಚರ್ 2016ರದು. ಅಲ್ಲಿನ ವೆಲೋಸಿರಾಪ್ಟರ್ ಕೂಡ ಕಟ್ಟಡ ಬಿಟ್ಟು ಮರಳಿಗೆ ಹಾರುತ್ತದೆ. ಪೂರ್ತಿ ಒಳಗೇ ಇರುವುದು ಬೇಕೆಂದರೆ ಅಬುಧಾಬಿಯ ವಾರ್ನರ್ ಬ್ರದರ್ಸ್ ವರ್ಲ್ಡ್, ಅಲ್ಲಿಯವು ಚಿಕ್ಕ ಮಕ್ಕಳಿರುವ ಮನೆಗೆ ಹೊಂದುವಂಥವು. ಅಲ್ಲಿ ಇಷ್ಟೆಲ್ಲ ಚಾವಣಿಯ ಕೆಳಗೆ ಕಟ್ಟಿದ್ದು ಬಿಸಿಲಿಗೆ, ಎಡ್ಮಂಟನ್ನಿನಲ್ಲಿ ಕಟ್ಟಿದ್ದು ಚಳಿಗೆ. ಏಪ್ರಿಲ್ ಬಂದರೆ ರಾಯಚೂರು, ಬಳ್ಳಾರಿಯಲ್ಲಿ ಮಕ್ಕಳನ್ನು ಹಗಲು ಹೊರಗೆ ಬಿಡಲು ಆಗುತ್ತದಾ? ರಜೆ ಇರುವುದೇ ಆಗ. ಚಾವಣಿಯ ಕೆಳಗೆ ಒಂದು ಆಟದ ಜಾಗ ನಮ್ಮ ಭಾಗಕ್ಕೆ ಬೇಕೇ ಬೇಕು. ವರ್ಷಕ್ಕೊಮ್ಮೆ ಕೊಪ್ಪಳದ ಗವಿಮಠದ ಜಾತ್ರೆಯ ತೊಟ್ಟಿಲಿಗೆ ಕಾಯುವ ಮಕ್ಕಳು ಇಲ್ಲಿ ಎಷ್ಟು ಜನ ಇದ್ದಾರೆ!

ಇಲ್ಲೇ ಹೋಗಿ ಬರಬೇಕು ಅಂದರೆ ಮುಂಬಯಿ–ಪುಣೆ ನಡುವೆ ಖೋಪೋಲಿಯ ಇಮ್ಯಾಜಿಕಾ. 2013ರಲ್ಲಿ ಶುರುವಾದದ್ದು. ಅಲ್ಲಿ ಡೀಪ್ ಸ್ಪೇಸ್ ಅಂತ ಕತ್ತಲ ಕೋಸ್ಟರ್ ಇದೆ, ಮೋಟರಿನಿಂದ ನೂಕುವಂಥದ್ದು. ಫ್ಲೈಟ್ ಆಫ್ ಫಿಯರ್ ಮತ್ತು ಮಮ್ಮಿ ಮಾಡಿದ ಪ್ರೀಮಿಯರ್ ರೈಡ್ಸ್ ಕಂಪನಿಯದೇ. ಅಲ್ಲೇ ಬಯಲಿನಲ್ಲಿ ನೈಟ್ರೊ ಇದೆ, ಕಾಲಡಿ ನೆಲವಿಲ್ಲದ ದೊಡ್ಡ ಕೋಸ್ಟರ್. ಎರಡನ್ನೂ ಒಂದೇ ದಿನ ಹತ್ತಿದರೆ ಬೆಳಕಿಗೂ ಕತ್ತಲಿಗೂ ಏನು ವ್ಯತ್ಯಾಸ ಅಂತ ಮಗನಿಗೆ ಮೈಯಲ್ಲೇ ತಿಳಿಯುತ್ತದೆ. ಮೊದಲು ನೈಟ್ರೊ, ಆಮೇಲೆ ಡೀಪ್ ಸ್ಪೇಸ್, ಈ ಕ್ರಮ ತಪ್ಪಿಸಬೇಡ.

ನಾನು ಹೇಳುವುದು ಇಷ್ಟು. ಈ ವರ್ಷ ಖೋಪೋಲಿಗೆ ಹೋಗೋಣ. ಅವನಿಗೆ ಕತ್ತಲು ಹಿಡಿಸಿದರೆ ಮುಂದಿನ ವರ್ಷ ಸಿಂಗಾಪುರ. ಹಿಡಿಸದಿದ್ದರೆ ಅಷ್ಟು ದೊಡ್ಡ ಖರ್ಚು ಉಳಿಯಿತು. ದುಬೈ ಬೇರೆ ಕಾರಣಕ್ಕೆ ಹೋಗು, ಇದಕ್ಕೆ ಬೇಡ. ಅವನ ಎತ್ತರ ಅಳೆದು ಮೆಸೇಜ್ ಮಾಡು, ಮಮ್ಮಿಗೆ 122 ಸೆಂ.ಮೀ ಬೇಕು. ಇಮ್ಯಾಜಿಕಾದ ಅಳತೆಯನ್ನು ಟಿಕೆಟ್ ಮಾಡುವ ಮುಂಚೆ ಅವರ ಸೈಟಿನಲ್ಲೇ ನೋಡಿಕೋ. ವೈನಿಗೆ ಕುತ್ತಿಗೆ ನೋವಿದೆ ಅಂದಿದ್ದೆ, ಅವರು ಕೆಳಗೇ ಕೂರಲಿ, ಒತ್ತಾಯ ಮಾಡಬೇಡ. ಕತ್ತಲಲ್ಲಿ ಕುತ್ತಿಗೆಗೆ ಮುನ್ಸೂಚನೆ ಸಿಗದ ಕಾರಣ ಪೆಟ್ಟು ಬೇಗ ಬೀಳುತ್ತದೆ. ಮಗ ಮೊದಲ ಸಲ ಮಧ್ಯದ ಸಾಲಿನಲ್ಲಿ ಕೂರಲಿ, ತಲೆ ಹಿಂದಕ್ಕೆ ಸೀಟಿಗೆ ಒತ್ತಿಕೊಳ್ಳಲಿ, ಕಣ್ಣು ಮಾತ್ರ ಮುಚ್ಚಬಾರದು.

ಉದ್ಯಾನ್ ಎಕ್ಸ್‌ಪ್ರೆಸ್ ಪುಣೆಯ ಮೇಲೆಯೇ ಹೋಗುತ್ತದೆ. ನೀವು ಗುಂತಕಲ್ಲಿನಲ್ಲಿ ಹತ್ತಿ, ನಾನು ರಾಯಚೂರಿನಲ್ಲಿ ಹತ್ತುತ್ತೇನೆ. ಪುಣೆಯಿಂದ ಕಾರು ಮಾಡಿಕೊಂಡರಾಯಿತು. ಶಿಫ್ಟ್ ಬದಲಾಯಿಸಿಕೊಂಡು ತಾರೀಖು ಹೇಳು, ಟಿಕೆಟ್ ನಾನೇ ಮಾಡುತ್ತೇನೆ.

ಇಂತಿ ನಿನ್ನ ದೋಸ್ತ,
ರಾಯಚೂರಿನಿಂದ